ಕೈಕಂಬದ ತಿರುವಿನಲ್ಲಿ ಬಿದ್ದ ಹೆಲ್ಮೆಟ್

ನಮ್ಮ ಮನೆಯ ಅಟ್ಟದಲ್ಲಿ ಒಂದು ಒಡಕು ಹೆಲ್ಮೆಟ್ ಇದೆ. ಎಡಗಿವಿಯ ಮೇಲ್ಭಾಗದಲ್ಲಿ ಅಂಗೈ ಅಗಲದ ಉಜ್ಜು ಗಾಯ, ಅದರ ನಡುವಿನಿಂದ ಹಿಂದಕ್ಕೆ ಹೋದ ಒಂದು ಬಿರುಕು. ಒಳಗಿನ ಬಿಳಿ ಥರ್ಮಾಕೋಲಿನಲ್ಲಿ ಹೆಬ್ಬೆರಳು ಊರಿದಷ್ಟು ತಗ್ಗು. ಗಲ್ಲದ ಪಟ್ಟಿಯನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದಾರೆ. ಅಮ್ಮ ಇದನ್ನು ಗುಜರಿಗೆ ಹಾಕಲು ಬಿಡಲಿಲ್ಲ, ಕಣ್ಣೆದುರು ಇಡಲೂ ಬಿಡಲಿಲ್ಲ. ಹಾಗಾಗಿ ಅಟ್ಟ.

2004ರ ಜುಲೈ ತಿಂಗಳ ಒಂದು ಸಂಜೆ, ಸೋದರಮಾವನ ಹಳೆಯ ಯೆಜ್ಡಿಯಲ್ಲಿ ಕುಲಶೇಖರದ ಕಡೆಯಿಂದ ಬಿಕರ್ನಕಟ್ಟೆಗೆ ಬರುತ್ತಿದ್ದೆ. ಮಂಗಳೂರಿನ ಜುಲೈ ಅಂದರೆ ಗೊತ್ತಲ್ಲ, ಮಳೆ ಬರುವುದಲ್ಲ, ಇರುವುದು. ರಸ್ತೆಯ ತುಂಬ ಕೆಂಪು ನೀರು. ಅದರಡಿಯಲ್ಲಿ ಎಲ್ಲಿ ಡಾಮರು ಇದೆ, ಎಲ್ಲಿ ಇಲ್ಲ ಎನ್ನುವುದು ದಿನಾ ಓಡಾಡುವವನಿಗೆ ಮಾತ್ರ ಗೊತ್ತು. ನಾನು ದಿನಾ ಓಡಾಡುವವನೇ. ಆದರೆ ಗುಂಡಿಗಳು ಇದ್ದಲ್ಲೇ ಇರುವುದಿಲ್ಲ, ಬೆಳೆಯುತ್ತವೆ. ಮುಂದಿನ ಚಕ್ರ ಒಳಕ್ಕೆ ಇಳಿದದ್ದು ನೆನಪಿದೆ. ಎದುರಿನ ಬಸ್ಸಿನ ಬೆಳಕು ನೆನಪಿದೆ. ಆಮೇಲಿನ ಎರಡು ಗಂಟೆ ನನ್ನ ಬಳಿ ಇಲ್ಲ. ನಡುವೆ ಒಂದೇ ಒಂದು ತುಣುಕು ಉಳಿದಿದೆ: ರಿಕ್ಷಾದ ಹಿಂದಿನ ಸೀಟು, ಪಕ್ಕದ ಟಾರ್ಪಾಲು ಪಟಪಟ ಬಡಿಯುವ ಸದ್ದು, ಮುಂದಿನಿಂದ ತುಳುವಿನಲ್ಲಿ ಒಂದು ಗಂಡು ದನಿ, "ದಾಲ ಆತಿಜಿ, ಪೋಡ್ಯೊಡ್ಚಿ." ಏನೂ ಆಗಿಲ್ಲ, ಹೆದರಬೇಡಿ ಎಂದು.

ಆಗಿತ್ತು. ತೊಡೆಯ ಮೂಳೆ ಮುರಿದಿತ್ತು, ಕಾಲರ್ ಬೋನ್ ಮುರಿದಿತ್ತು. ತಲೆಗೆ ಮಾತ್ರ ಅಲುಗಾಟದ ಪೆಟ್ಟಲ್ಲದೆ ಬೇರೇನೂ ಆಗಿರಲಿಲ್ಲ. ರಾತ್ರಿ ಅಪ್ಪ ಬರುವಷ್ಟರಲ್ಲಿ ರಿಕ್ಷಾದವರು ಹೋಗಿಬಿಟ್ಟಿದ್ದರು. ಹೆಸರು ಬರೆಸಿರಲಿಲ್ಲ. ಕೌಂಟರಿನ ಮೇಲೆ ನನ್ನ ಹೆಲ್ಮೆಟ್ ಇಟ್ಟು ಹೋಗಿದ್ದರು.

ನಾನು ಬದುಕಿದ್ದು ಹೇಗೆ ಎಂದು ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಅಜ್ಜಿಗೆ ದೈವ, ಅಪ್ಪನಿಗೆ ಡಾಕ್ಟರು, ಮಾವನಿಗೆ ಯೆಜ್ಡಿಯ ಗಟ್ಟಿ ಕಬ್ಬಿಣ. ಮೂರು ತಿಂಗಳು ಮಲಗಿದ್ದಾಗ ಓದಲು ಶುರುಮಾಡಿದ ನನಗೆ ಮಾತ್ರ ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ ಎಂದು ತಿಳಿಯಿತು. ಆ ಹೆಲ್ಮೆಟ್ ನನ್ನ ತಲೆಯ ಮೇಲೆ ಬಂದು ಕೂರಬೇಕಾದರೆ ಎಲ್ಲೆಲ್ಲೋ ಯಾರ್‍ಯಾರೋ ಸಾಯಬೇಕಾಗಿತ್ತು.

ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬ ರೇಸ್ ಟ್ರ್ಯಾಕಿನಲ್ಲಿ ಎರಿಕ್ ಗಾರ್ಡ್‌ನರ್ ಎಂಬ ವೈದ್ಯರಿದ್ದರು. ತಲೆಗೆ ಪೆಟ್ಟು ಬಿದ್ದ ಬೈಕ್ ಸವಾರರು ಪದೇಪದೇ ತಮ್ಮ ಬಳಿ ಬರುವುದನ್ನು ಕಂಡು ಅವರು ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಟೊಪ್ಪಿಯೊಂದನ್ನು ಮಾಡಿಸಿದರು. ಮೊದಮೊದಲು ರೇಸಿನ ಆಡಳಿತದವರು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. 1914ರ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಸವಾರರು ಅದನ್ನು ಧರಿಸಿ ಓಡಿಸಿದರು. ರೇಸು ಮುಗಿದ ಮೇಲೆ ಆ ದ್ವೀಪದ ವೈದ್ಯರೊಬ್ಬರು, ಪ್ರತಿ ವರ್ಷ ಸಿಗುತ್ತಿದ್ದ ತಲೆಪೆಟ್ಟಿನ ಸ್ವಾರಸ್ಯಕರ ಕೇಸುಗಳು ಈ ಸಲ ಒಂದೂ ಸಿಗಲಿಲ್ಲ ಎಂದು ಬೇಸರಪಟ್ಟುಕೊಂಡರಂತೆ. ವೈದ್ಯಕೀಯ ಚರಿತ್ರೆಯಲ್ಲಿ ಇಷ್ಟು ಒಳ್ಳೆಯ ಬೇಸರ ಇನ್ನೊಂದು ಇರಲಾರದು.

ಆದರೆ ಆ ಟೊಪ್ಪಿ ರೇಸಿನ ಅಂಗಳ ದಾಟಿ ಬೀದಿಗೆ ಬರಲಿಲ್ಲ. ಬೀದಿಯಲ್ಲಿ ಬೈಕು ಓಡಿಸುವವರು ಬಟ್ಟೆಯ ಕ್ಯಾಪು ಹಾಕಿಕೊಂಡೋ ಬರಿದಲೆಯಲ್ಲೋ ಹೋಗುತ್ತಿದ್ದರು. ಟಿ.ಇ. ಲಾರೆನ್ಸ್ ಕೂಡ ಹಾಗೆಯೇ ಹೋಗುತ್ತಿದ್ದವರು. ಅರೇಬಿಯಾದ ಲಾರೆನ್ಸ್ ಎಂದು ಸಿನಿಮಾದಿಂದ ನಮಗೆಲ್ಲ ಪರಿಚಯವಾದ ಅದೇ ಮನುಷ್ಯ. ಮರುಭೂಮಿಯ ಯುದ್ಧದಲ್ಲಿ ಬದುಕಿ ಬಂದಿದ್ದವರು 1935ರ ಮೇ 13ರಂದು ಡಾರ್ಸೆಟ್ ಸೀಮೆಯಲ್ಲಿ ತಮ್ಮ ಮನೆಯ ಹತ್ತಿರದ ರಸ್ತೆಯಲ್ಲಿ ಬ್ರೌ ಸುಪೀರಿಯರ್ ಬೈಕಿನಲ್ಲಿ ಬರುತ್ತಿದ್ದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮುಂದಕ್ಕೆ ಎಸೆಯಲ್ಪಟ್ಟರು. ಆರು ದಿನ ಎಚ್ಚರವಿಲ್ಲದೆ ಮಲಗಿದ್ದು 19ರಂದು ತೀರಿಕೊಂಡರು. ವಯಸ್ಸು 46.

ಅವರನ್ನು ನೋಡಲು ಕರೆಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ಆಗಿನ್ನೂ ಹೊಸದಾಗಿದ್ದ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತಿದ್ದ ಡಾಕ್ಟರು. ಅವರಿಂದ ಏನೂ ಮಾಡಲು ಆಗಲಿಲ್ಲ. ಪ್ರಸಿದ್ಧ ರೋಗಿಯೊಬ್ಬ ಕೈಯಲ್ಲೇ ಹೋದರೆ ವೈದ್ಯರು ಎರಡು ದಿನ ಕೊರಗಿ ಮುಂದಿನ ರೋಗಿಯ ಕಡೆ ತಿರುಗುವುದು ವಾಡಿಕೆ. ಕೇರ್ನ್ಸ್ ಲೆಕ್ಕ ಹಾಕಲು ಕೂತರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಸೇನೆಯ ಸಂದೇಶವಾಹಕರು ದೀಪ ಆರಿಸಿದ ರಾತ್ರಿಯ ರಸ್ತೆಗಳಲ್ಲಿ ಬೈಕು ಓಡಿಸಿ, ಶತ್ರುವಿನ ಮುಖವನ್ನೇ ನೋಡದೆ ಸಾಯತೊಡಗಿದರು. 1941ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೇರ್ನ್ಸ್ ಬರೆದ ಲೇಖನ ಬಂತು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂಬದಿ ಸವಾರರು 2,279 ಜನ. ಅವರು ನೋಡಿದ್ದ ರೋಗಿಗಳಲ್ಲಿ ಹೆಲ್ಮೆಟ್ ಧರಿಸಿದ್ದವರು ಏಳೇ ಜನ. ಆ ಏಳೂ ಜನ ಬದುಕಿದ್ದರು.

ಏಳು ಎನ್ನುವುದು ಸಂಖ್ಯಾಶಾಸ್ತ್ರದವರು ನಗುವಷ್ಟು ಸಣ್ಣ ಅಂಕಿ. ಆದರೂ ಅದು ಸಾಕಾಯಿತು. ಮರುತಿಂಗಳೇ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅದೇ ಬ್ರಿಟನ್ ತನ್ನ ಸಾಮಾನ್ಯ ಪ್ರಜೆಗಳಿಗೆ ಕಡ್ಡಾಯ ಮಾಡಿದ್ದು 1973ರಲ್ಲಿ. ಕೇರ್ನ್ಸ್ ತೀರಿಕೊಂಡು ಆಗ ಇಪ್ಪತ್ತೊಂದು ವರ್ಷವಾಗಿತ್ತು.

ಹೆಲ್ಮೆಟ್ ಮಾಡುವ ಕೆಲಸ ನೋಡಲು ತುಂಬ ಸರಳ. ತಲೆ ರಸ್ತೆಗೆ ಬಡಿದಾಗ ಬುರುಡೆ ತಟ್ಟನೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲುವುದಿಲ್ಲ, ಹೋಗಿ ಬುರುಡೆಯ ಒಳಗೋಡೆಗೆ ಬಡಿಯುತ್ತದೆ. ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲು ತಾನು ಜಜ್ಜಿಹೋಗಿ ಆ ನಿಲ್ಲುವ ಕ್ಷಣವನ್ನು ಸ್ವಲ್ಪ ಉದ್ದ ಮಾಡುತ್ತದೆ. ಸೆಕೆಂಡಿನ ಸಾವಿರದ ಕೆಲವು ಭಾಗ, ಅಷ್ಟೇ. ನನ್ನ ಹೆಲ್ಮೆಟ್ಟಿನೊಳಗಿನ ಹೆಬ್ಬೆರಳಿನ ತಗ್ಗು ಆ ಕ್ಷಣದ ಗುರುತು. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಆದ್ದರಿಂದ ಒಮ್ಮೆ ಬಿದ್ದ ಹೆಲ್ಮೆಟ್ ಅಟ್ಟಕ್ಕೇ ಸರಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆ, ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಸಂಭವವನ್ನು ಸುಮಾರು 69 ಶೇಕಡಾ ತಗ್ಗಿಸುತ್ತದೆ ಎಂದು ಹೇಳಿತು. ತೊಡೆಯ ಮೂಳೆಯ ವಿಷಯ ಅದರಲ್ಲಿ ಇಲ್ಲ. ನನಗೆ ಅದು ಆಗಲೇ ಗೊತ್ತಾಗಿತ್ತು.

ನಮ್ಮ ರಾಜ್ಯಕ್ಕೆ ಬೈಕು ಬಂದ ದಾರಿಯಲ್ಲಿ ಮೈಸೂರಿಗೆ ದೊಡ್ಡ ಪಾಲಿದೆ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಬೈಕು ತಯಾರಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಅದೇ ಬೈಕು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಮಾವನ ತಲೆಮಾರಿನವರಿಗೆ ಆ ಬೈಕು ಅಂದರೆ ಮದುವೆಗೆ ಮುಂಚಿನ ಸ್ವಾತಂತ್ರ್ಯ. ಎರಡು ಸೈಲೆನ್ಸರಿನ ಸದ್ದು ಕೇಳಿಯೇ ಯಾರ ಮನೆಯ ಅಳಿಯ ಬಂದ ಎಂದು ಹೇಳುತ್ತಿದ್ದರು. ಅವರ ಹಳೆಯ ಫೋಟೊಗಳಲ್ಲಿ ಬೈಕು ಇದೆ, ಕಪ್ಪು ಕನ್ನಡಕ ಇದೆ, ಹಿಂದೆ ಓರೆಯಾಗಿ ಕೂತ ಅತ್ತೆ ಇದ್ದಾರೆ, ಟ್ಯಾಂಕಿನ ಮೇಲೆ ಮಗು ಇದೆ. ಹೆಲ್ಮೆಟ್ ಒಂದು ಫೋಟೊದಲ್ಲೂ ಇಲ್ಲ.

ಕಾನೂನು ಇರಲಿಲ್ಲ ಅಂತಲ್ಲ. 1939ರ ಮೋಟಾರು ವಾಹನ ಕಾಯ್ದೆಗೆ 1977ರಲ್ಲೇ ಹೆಲ್ಮೆಟ್ಟಿನ ಕಲಮು ಸೇರಿತ್ತು. 1988ರ ಹೊಸ ಕಾಯ್ದೆಯಲ್ಲಿ ಅದು 129ನೇ ಕಲಮಾಯಿತು. ಅದೇ 1988ರಲ್ಲಿ ಹೈದರಾಬಾದಿನ ಹೆಲ್ಮೆಟ್ ನಿಯಮವನ್ನು ಪ್ರಶ್ನಿಸಿದ ಅಜಯ್ ಕಾನು ಎಂಬವರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ವಜಾ ಆಯಿತು. ನನ್ನ ತಲೆ ನನ್ನ ಇಷ್ಟ ಎನ್ನುವ ವಾದ ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಬೀದಿಯಲ್ಲಿ ಮುಗಿಯಲಿಲ್ಲ. ಮಂಗಳೂರಿನಲ್ಲಿ ಬಹುಕಾಲ ಹೆಲ್ಮೆಟ್ಟಿನ ಜಾಗ ಮೊಣಕೈ. ಪೊಲೀಸರು ಕಂಡರೆ ತಲೆಗೆ ಏರುವುದು, ತಿರುವು ದಾಟಿದರೆ ಮತ್ತೆ ಮೊಣಕೈಗೆ ಇಳಿಯುವುದು. ಗಾರ್ಡ್‌ನರ್ ಮತ್ತು ಕೇರ್ನ್ಸ್ ಪೆಟ್ಟಿಗಾಗಿ ಮಾಡಿದ್ದನ್ನು ನಾವು ದಂಡಕ್ಕಾಗಿ ಹಾಕಿಕೊಂಡೆವು. ದಂಡ ತಪ್ಪಿಸಲು ಅರ್ಧ ಬುಟ್ಟಿಯಂಥ ಟೊಪ್ಪಿ ಸಾಕಲ್ಲ? ರಸ್ತೆ ಬದಿಯಲ್ಲಿ ಅವೇ ರಾಶಿ ಬಿದ್ದಿರುತ್ತಿದ್ದವು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ತಪ್ಪು ಎನ್ನುವ ಆದೇಶ ಜಾರಿಯಾದದ್ದು 2021ರ ಜೂನಿನಲ್ಲಿ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು ಎಂದು ಕರ್ನಾಟಕ ಹೇಳಿದ್ದು 2016ರ ಜನವರಿಯಲ್ಲಿ. ಅಲ್ಲಿಯವರೆಗೆ ಹಿಂದೆ ಕೂರುತ್ತಿದ್ದ ತಾಯಿ, ಹೆಂಡತಿ, ತಂಗಿಯರ ತಲೆಯ ಬಗ್ಗೆ ಮುಂದೆ ಕೂತವನಿಗೂ ಸರ್ಕಾರಕ್ಕೂ ಅಷ್ಟೇನೂ ಯೋಚನೆ ಇದ್ದಂತೆ ಕಾಣುವುದಿಲ್ಲ.

ಹೀಗೆ ಹಿಂದೆ ಕೂತು ಹೋದವರಲ್ಲಿ ಸಂಚಾರಿ ವಿಜಯ್ ಒಬ್ಬರು. 'ನಾನು ಅವನಲ್ಲ ಅವಳು' ಸಿನಿಮಾದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ. 2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂಬದಿಯಲ್ಲಿ ಕೂತಿದ್ದಾಗ ಬೈಕು ಜಾರಿ ವಿದ್ಯುತ್ ಕಂಬಕ್ಕೆ ಬಡಿಯಿತು. ಹೆಲ್ಮೆಟ್ ಇರಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮಿದುಳಿನ ಶಸ್ತ್ರಚಿಕಿತ್ಸೆಯಾದರೂ ಅವರು ಉಳಿಯಲಿಲ್ಲ, ಮನೆಯವರು ಅಂಗಾಂಗ ದಾನ ಮಾಡಿದರು. ಕೋವಿಡ್ ಕಾಲದಲ್ಲಿ ಊರವರಿಗೆ ನೆರವು ಮುಟ್ಟಿಸಲು ಓಡಾಡುತ್ತಿದ್ದ ಮನುಷ್ಯ. ಆ ಸುದ್ದಿ ಬಂದ ದಿನ ನಾನು ಅಟ್ಟ ಹತ್ತಿ ನನ್ನ ಹೆಲ್ಮೆಟ್ ಇಳಿಸಿ ನೋಡಿದ್ದೆ, ಯಾಕೆಂದು ಗೊತ್ತಿಲ್ಲ.

ಇನ್ನು ಆ ರಿಕ್ಷಾದವರ ವಿಷಯ.

ಹೆಸರು ಹೇಳದೆ ಯಾಕೆ ಹೋದರು ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಾನು ಬೇಸರಪಟ್ಟಿದ್ದೆ. ಪಕ್ಕದ ಹಾಸಿಗೆಯಲ್ಲಿದ್ದ ಬಸ್ ಕಂಡಕ್ಟರರು ನಕ್ಕರು. "ಹೇಳಿದ್ದರೆ ಮಾರಾಯ್ರೆ, ಇಷ್ಟೊತ್ತಿಗೆ ಅವ ಸ್ಟೇಷನ್ನಿನ ಬೆಂಚಿನ ಮೇಲೆ ಇರ್ತಿದ್ದ. ನೀನೇ ಗುದ್ದಿದ್ದಲ್ಲವಾ ಅಂತ ಮೊದಲ ಪ್ರಶ್ನೆ. ಆಮೇಲೆ ಕೋರ್ಟಿಗೆ ಸಾಕ್ಷಿ. ಅವನ ದಿನದ ಬಾಡಿಗೆ ಯಾರು ಕೊಡ್ತಾರೆ?" ನನ್ನನ್ನು ಒಳಗೆ ಸೇರಿಸಿಕೊಳ್ಳುವಾಗಲೂ ಮೊದಲು ಕೇಳಿದ್ದು ಪೊಲೀಸ್ ಕೇಸೋ ಅಲ್ಲವೋ ಎಂದು, ಆಮೇಲೆ ಮುಂಗಡ ಯಾರು ಕಟ್ಟುತ್ತಾರೆ ಎಂದು. ಇದನ್ನು ಅಪ್ಪ ಬಹಳ ವರ್ಷ ಆದ ಮೇಲೆ ಹೇಳಿದರು.

ಇದರ ಚರಿತ್ರೆ ಹೆಲ್ಮೆಟ್ಟಿನದಕ್ಕಿಂತ ಕಹಿ. ಎಂಬತ್ತರ ದಶಕದ ಕೊನೆಯಲ್ಲಿ ಸ್ಕೂಟರ್ ಸವಾರನೊಬ್ಬನಿಗೆ ಕಾರು ಗುದ್ದಿತು. ನೋಡಿದವರೊಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಹೊತ್ತು ತಂದರು. ಇದು ಪೊಲೀಸ್ ಕೇಸು, ನಾವು ಮುಟ್ಟುವಂತಿಲ್ಲ, ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಅದರ ಅಧಿಕಾರ ಇದೆ, ಅಲ್ಲಿಗೆ ಒಯ್ಯಿರಿ ಎಂದರು ಅಲ್ಲಿನವರು. ದಾರಿಯಲ್ಲೇ ಸವಾರ ಸತ್ತ. ಪತ್ರಿಕೆಯಲ್ಲಿ ಬಂದ ಈ ವರದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್ 28ರಂದು ತೀರ್ಪು ಬಂತು: ಸರ್ಕಾರಿ ಇರಲಿ ಖಾಸಗಿ ಇರಲಿ, ವೈದ್ಯರ ಮೊದಲ ಕರ್ತವ್ಯ ಜೀವ ಉಳಿಸುವುದು, ಪೊಲೀಸ್ ವಿಧಿವಿಧಾನ ಆಮೇಲೆ. ತೀರ್ಪು ಬಂದು ಹದಿನೈದು ವರ್ಷದ ನಂತರ ನಾನು ಬಿದ್ದದ್ದು. ದೆಹಲಿಯಲ್ಲಿ ಬರೆದ ವಾಕ್ಯ ಆಸ್ಪತ್ರೆಯ ಕೌಂಟರಿಗೆ ತಲುಪಲು ಹದಿನೈದು ವರ್ಷ ಸಾಲದು ಎನ್ನುವುದಕ್ಕೆ ನಾನೇ ಸಾಕ್ಷಿ. ನಾನು ಬಿದ್ದಾಗ 108 ಆಂಬುಲೆನ್ಸ್ ಕೂಡ ಇರಲಿಲ್ಲ, ಕರ್ನಾಟಕದಲ್ಲಿ ಅದು ಶುರುವಾದದ್ದು 2008ರ ನವೆಂಬರಿನಲ್ಲಿ. ಇದ್ದದ್ದು ರಿಕ್ಷಾ ಮಾತ್ರ.

2016ನೇ ಇಸವಿಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಫೆಬ್ರವರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕ ಗುಬ್ಬಿ ತಾಲ್ಲೂಕಿನ ತನ್ನ ಊರಿಗೆ ಹೋಗಿ ಪಂಚಾಯತಿ ಚುನಾವಣೆಯಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ. ನೆಲಮಂಗಲದ ಬಳಿ ಲಾರಿ ಹರಿಯಿತು. ಹೇಗೆ ಹರಿಯಿತು ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಓದಿದವರಿಗೆ ನೆನಪಿರುತ್ತದೆ. ಪ್ರಾಣ ಇನ್ನೂ ಇತ್ತು, ಎಚ್ಚರವೂ ಇತ್ತು. ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು ಎಂದು ವರದಿಯಾಯಿತು. ಅವನು ನೆರವು ಕೇಳಿದ, ಆಮೇಲೆ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದ. ಹೆಲ್ಮೆಟ್ ಹಾಕಿದ್ದರಿಂದ ಕಣ್ಣುಗಳಿಗೆ ಏನೂ ಆಗಿರಲಿಲ್ಲ. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಕರ್ನಾಟಕದ ರಸ್ತೆಯಲ್ಲಿ ಬಿದ್ದವರು ಯಾವ ಊರಿನವರೇ ಆಗಲಿ, ಮೊದಲ 48 ಗಂಟೆಯ ತುರ್ತು ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಸರ್ಕಾರದ ಖರ್ಚು. ಬದುಕದವನ ಹೆಸರಿನಲ್ಲಿ ಬದುಕುವವರಿಗೆ ಒಂದು ಯೋಜನೆ.

ಅದೇ ಮಾರ್ಚ್ 30ರಂದು ಸೇವ್‌ಲೈಫ್ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ, ಗಾಯಾಳುವಿಗೆ ನೆರವಾದವರನ್ನು ಕಾಡಬಾರದು ಎನ್ನುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಆ ಸಂಸ್ಥೆಯನ್ನು ಕಟ್ಟಿದ ಪಿಯೂಷ್ ತಿವಾರಿಯವರ ಸೋದರ ಸಂಬಂಧಿ ಹುಡುಗ 2007ರಲ್ಲಿ ದೆಹಲಿಯ ರಸ್ತೆಯಲ್ಲಿ ಯಾರೂ ಎತ್ತುವವರಿಲ್ಲದೆ ಸತ್ತಿದ್ದ. ಕರ್ನಾಟಕದ ಶಾಸನಸಭೆಯೂ ಅದೇ 2016ರಲ್ಲಿ ಇಂಥ ನೆರವಿಗರ ರಕ್ಷಣೆಗೆ ತನ್ನದೇ ಮಸೂದೆ ಪಾಸು ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರ ತಿದ್ದುಪಡಿಯ ನಂತರ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲೇ 134ಎ ಎಂಬ ಕಲಮು ಬಂತು. ಹೆಸರು ಹೇಳದೆ ಹೋಗುವುದು ಈಗ ಒಬ್ಬ ರಿಕ್ಷಾ ಚಾಲಕನ ಹಕ್ಕು. 2004ರಲ್ಲಿ ಅದು ಹೆದರಿಕೆಯಾಗಿತ್ತು. ಹೆದರಿಕೆಯಿದ್ದೂ ಅವರು ನಿಲ್ಲಿಸಿದರು ಎನ್ನುವುದನ್ನು ನಾನು ಮರೆಯುವಂತಿಲ್ಲ.

ಹೆಲ್ಮೆಟ್ ಆಯಿತು, ಎತ್ತಿದ ಕೈಯೂ ಆಯಿತು. ಉಳಿದದ್ದು ಗುಂಡಿ.

ವಿಚಿತ್ರವೆಂದರೆ ನನ್ನ ಅಪಘಾತದ ಯಾವ ಕಾಗದದಲ್ಲೂ ಗುಂಡಿ ಇಲ್ಲ. ಸವಾರನ ನಿಯಂತ್ರಣ ತಪ್ಪಿ ಎಂದಿದೆ. ಇಂಥ ಕಾಗದಗಳಲ್ಲಿ ರಸ್ತೆ ಯಾವಾಗಲೂ ನಿರಪರಾಧಿ. ಅದರ ಮೇಲೆ ಆಪಾದನೆ ಹೊರಿಸುವುದನ್ನು ನಾವು ಕಲಿತದ್ದು ತೀರ ಈಚೆಗೆ. ಕೊಯಮತ್ತೂರಿನ ಮೂಳೆ ವೈದ್ಯ ಎಸ್. ರಾಜಶೇಖರನ್, ಮುರಿದು ಬಂದವರನ್ನು ಜೋಡಿಸಿ ಜೋಡಿಸಿ ಸಾಕಾಗಿಯೋ ಏನೋ, 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದರ ಫಲವಾಗಿ 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ರಸ್ತೆ ಸುರಕ್ಷತಾ ಸಮಿತಿ ನೇಮಕವಾಯಿತು. 2013ರಿಂದ 2017ರ ನಡುವೆ ದೇಶದಲ್ಲಿ ರಸ್ತೆಗುಂಡಿಗಳಿಂದ ಸತ್ತವರು 14,926 ಜನ ಎಂಬ ಲೆಕ್ಕ 2018ರಲ್ಲಿ ಆ ನ್ಯಾಯಾಲಯದ ಮುಂದೆ ಬಂತು. ಗಡಿಯಲ್ಲಿ ಸಾಯುವವರಿಗಿಂತ ಇದು ಹೆಚ್ಚು ಎಂದು ನ್ಯಾಯಮೂರ್ತಿಗಳೇ ಬೆರಗಾದರು. ಮರುವರ್ಷದ ತಿದ್ದುಪಡಿಯಲ್ಲಿ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ತಪ್ಪಿ ಸಾವು ನೋವಾದರೆ ಹೊಣೆಯಾದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ 198ಎ ಕಲಮು ಸೇರಿತು. ಹೆಲ್ಮೆಟ್ ಇಲ್ಲದವನ ದಂಡದ ರಸೀದಿಯನ್ನು ನಾನು ಎಷ್ಟೋ ನೋಡಿದ್ದೇನೆ. ಈ ಇನ್ನೊಂದರದ್ದು ಒಂದೂ ನೋಡಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಆ ಒಂದೂ ಮುಕ್ಕಾಲು ಲಕ್ಷದ ಹತ್ತಿರದ ಅಂಕಿಯೊಳಗೆ ಎಲ್ಲೋ ಬಿಕರ್ನಕಟ್ಟೆಯ ಒಂದು ಸಾವೂ ಇದೆ. ಆ ವರ್ಷದ ಆಗಸ್ಟಿನಲ್ಲಿ, ನಾನು ಬಿದ್ದ ಜಾಗಕ್ಕೆ ಬಹಳ ದೂರವಲ್ಲದ ಕಡೆ, ಯುವಕನೊಬ್ಬ ಬೈಕು ಗುಂಡಿಗೆ ಬಿದ್ದು ತೀರಿಕೊಂಡ. ಅವನ ಗೆಳೆಯ ಫಲಕ ಹಿಡಿದು ಮಹಾನಗರ ಪಾಲಿಕೆಯ ಕಚೇರಿಯ ಮುಂದೆ ಒಬ್ಬನೇ ಪ್ರತಿಭಟನೆಗೆ ನಿಂತ. ನನ್ನ ಕಾಗದದಲ್ಲಿ ಇಲ್ಲದ ಶಬ್ದ ಆ ಹುಡುಗನ ಕೈಯ ಫಲಕದಲ್ಲಿ ಇತ್ತು. ಗೆಳೆಯನ ಸಾವನ್ನು ಹಣೆಬರಹ ಎಂದು ಒಪ್ಪದೆ ಹೀಗೆ ನಿಂತದ್ದನ್ನು ನಾನು ಕೇರ್ನ್ಸ್ ಲೆಕ್ಕಕ್ಕೆ ಕೂತದ್ದರ ಪಕ್ಕದಲ್ಲೇ ಇಡುತ್ತೇನೆ.

ಕೈಕಂಬ ಅಂದರೆ ನಮ್ಮ ಕಡೆ ದಾರಿ ತೋರಿಸುವ ಕೈಗಳಿರುವ ಕಂಬ. ದಕ್ಷಿಣ ಕನ್ನಡದಲ್ಲಿ ರಸ್ತೆ ಕವಲೊಡೆಯುವ ಎಷ್ಟೋ ಕಡೆ ಈ ಹೆಸರಿನ ಜಾಗಗಳಿವೆ, ಬಿಕರ್ನಕಟ್ಟೆಯದೂ ಅದರಲ್ಲಿ ಒಂದು. ಒಂದು ಕೈ ಮೂಡುಬಿದಿರೆ, ಕಾರ್ಕಳದ ಕಡೆ, ಇನ್ನೊಂದು ಪಡೀಲು, ಬಂಟ್ವಾಳದ ಕಡೆ, ಮತ್ತೊಂದು ನಂತೂರಿಗೆ. ನಾನು ಬಿದ್ದಾಗ ಮೂಡುಬಿದಿರೆಯ ರಸ್ತೆ ರಾಷ್ಟ್ರೀಯ ಹೆದ್ದಾರಿ 13 ಆಗಿತ್ತು, ಈಗ 169. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಅದನ್ನು ಚತುಷ್ಪಥ ಮಾಡುವ ಕೆಲಸ ಭೂಮಿಯ ಪರಿಹಾರದ ತಕರಾರುಗಳ ನಡುವೆ ವರ್ಷಗಟ್ಟಲೆ ಎಳೆಯಿತು. ಅಗೆದ ಕೆಂಪು ಮಣ್ಣು ಮಳೆಗಾಲದಲ್ಲಿ ರಸ್ತೆಗೆ ಇಳಿಯುವುದನ್ನು ನೋಡಿದಾಗಲೆಲ್ಲ ನನ್ನ ಎಡತೊಡೆಯ ರಾಡು ತನ್ನಷ್ಟಕ್ಕೆ ಎಚ್ಚರಗೊಳ್ಳುತ್ತದೆ.

ನಡೆಯಲು ಆದ ಮೇಲೆ ನಾನು ಆ ರಿಕ್ಷಾದವರನ್ನು ಹುಡುಕಿದ್ದೆ. ಬಿಕರ್ನಕಟ್ಟೆ, ಕುಲಶೇಖರ, ನಂತೂರು, ಮರೋಳಿ, ಪಾರ್ಕಿನಿಂದ ಪಾರ್ಕಿಗೆ. ಯಾರಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದವರು ಹೇಳಲಿಲ್ಲ. ಆಮೇಲೆ ಕೆಲಸ, ಮದುವೆ, ಹುಡುಕುವುದು ನಿಂತಿತು. ಕಳೆದ ಮಳೆಗಾಲದಲ್ಲಿ ಮಗಳನ್ನು ಕರೆತರಲು ಹೋಗಿ ಮಳೆಗೆ ಸಿಕ್ಕಿ ರಿಕ್ಷಾ ಪಾರ್ಕಿನ ಶೆಡ್ಡಿನಡಿ ನಿಂತಿದ್ದೆ. ಅಲ್ಲಿ ಒಬ್ಬರು ಹಿರಿಯ ಚಾಲಕರು ಇದ್ದರು, ತಲೆಯೆಲ್ಲ ಬೆಳ್ಳಗೆ. ಮಾತಿಗೆ ಮಾತು ಬಂದು 2004ರ ಕತೆ ಹೇಳಿದೆ. ನೀವಾ ಅದು ಎಂದು ಕೇಳಿಯೂಬಿಟ್ಟೆ. ಅವರು ಬೀಡಿ ಆರಿಸಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

"ನಾನೂ ಒಂದು ಆರೇಳು ಜನರನ್ನು ಹಾಕಿಕೊಂಡು ಹೋಗಿದ್ದೇನೆ ಅಣ್ಣ, ಈ ರಸ್ತೆಯಿಂದ. ಮುಖ ಎಲ್ಲಿ ನೆನಪಿರ್ತದೆ? ಆಗ ಮುಖ ನೋಡುವ ಹಾಗೆ ಇರೂದಿಲ್ಲ. ಆಮೇಲೆ ಸೀಟಿನ ರಕ್ತ ತೊಳೆಯುವುದೇ ದೊಡ್ಡ ಕೆಲಸ." ಮಳೆ ಸ್ವಲ್ಪ ಇಳಿದಿತ್ತು. ಅವರು ರಿಕ್ಷಾ ಸ್ಟಾರ್ಟ್ ಮಾಡಿ, ಹೊರಡುವ ಮೊದಲು ಕೇಳಿದರು, "ಈಗ ಕಾಲು ಮಡಚಲಿಕ್ಕೆ ಆಗ್ತದಾ?"

ಆಗ್ತದೆ ಎಂದೆ.